ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗದ ಮಾತ್ರೆ ಇಲ್ಲ: ಶಾಸಕರು ಸದನದಲ್ಲಿ ಏನು ಕೇಳಬಹುದು?

ಪ್ರಶ್ನೆ: ನನ್ನ ತಮ್ಮನಿಗೆ ಹಲವು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ. ಮಂಗಳವಾರಗಳಂದು ಮನೋವೈದ್ಯರು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುತ್ತಿದ್ದರು. ಕೆಲವು ತಿಂಗಳಿಂದ ಅವರು ಬರುತ್ತಿಲ್ಲ. ರಿಸ್ಪೆರಿಡೋನ್ ಮಾತ್ರೆ ಕೇಳಿದರೆ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎನ್ನುತ್ತಾರೆ. ಶಾಸಕರಿಗೆ ಮನವಿ ಕೊಟ್ಟಾಗ ‘ಸದನದಲ್ಲಿ ಪ್ರಸ್ತಾಪಿಸುತ್ತೇನೆ’ ಎಂದರು. ಇದರಿಂದ ಪ್ರಯೋಜನವಿದೆಯೇ?
– ಹೆಸರು, ಊರು ಬೇಡ

ಉತ್ತರ: ಪ್ರಯೋಜನವಿದೆ. ಆದರೆ ಶಾಸಕರು ಏನನ್ನು, ಯಾವ ರೂಪದಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಅವರನ್ನು ಮತ್ತೆ ಕಾಣುವ ಮೊದಲು ನಿಮಗೆ ಕಾನೂನು ಏನು ಕೊಟ್ಟಿದೆ ಎಂಬುದು ತಿಳಿದಿರಲಿ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ತಾಲ್ಲೂಕು ಆಸ್ಪತ್ರೆ ಇದರ ವ್ಯಾಪ್ತಿಯಲ್ಲೇ ಬರುತ್ತದೆ. ಆದ್ದರಿಂದ ನೀವು ಕೇಳುತ್ತಿರುವುದು ಅನುಕಂಪವನ್ನಲ್ಲ, ಶಾಸನದ ಪಾಲನೆಯನ್ನು; ಶಾಸನ ಪಾಲನೆಯಾಗುತ್ತಿದೆಯೇ ಎಂದು ಕಾರ್ಯಾಂಗವನ್ನು ಕೇಳುವುದು ಶಾಸಕಾಂಗದ ಮೂಲ ಕೆಲಸ.

ಸದನದ ಪ್ರಶ್ನೋತ್ತರ ಹಾಳೆಯನ್ನು ನೀವು ನೋಡಿರಲಿಕ್ಕಿಲ್ಲ. ಎಡಗಡೆ ಅ, ಆ, ಇ ಎಂದು ಶಾಸಕರ ಪ್ರಶ್ನೆ, ಬಲಗಡೆ ಸಚಿವರ ಉತ್ತರ. ‘ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋರೋಗದ ಔಷಧಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ಎದುರಿಗೆ ‘ಬಂದಿದೆ’ ಅಥವಾ ‘ಬಂದಿರುವುದಿಲ್ಲ’ ಎಂಬ ಒಂದೇ ಪದ ಬರುತ್ತದೆ. ‘ಬಂದಿದ್ದರೆ, ಕೈಗೊಂಡ ಕ್ರಮಗಳೇನು?’ ಎಂದರೆ ‘ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಸಾಲು ಸಿಗುತ್ತದೆ. ಇಂಥ ಪ್ರಶ್ನೆಯೇ ಹಾರಿಕೆಯ ಉತ್ತರಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಅಧಿಕಾರಿಗಳನ್ನಷ್ಟೇ ದೂರುವುದು ನ್ಯಾಯವಲ್ಲ.

ಬದಲಿಗೆ ಲೆಕ್ಕ ಕೇಳಬೇಕು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲೆಗೆ ಮಂಜೂರಾದ ಮನೋವೈದ್ಯರ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಖಾಲಿ ಇರುವುದು ಯಾವ ದಿನಾಂಕದಿಂದ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಕಳೆದ ಒಂದು ವರ್ಷದಲ್ಲಿ ಪ್ರತಿ ತಾಲ್ಲೂಕಿನಲ್ಲಿ ಎಷ್ಟು ದಿನ ನಡೆಯಿತು, ರಿಸ್ಪೆರಿಡೋನ್, ಲಿಥಿಯಂನಂಥ ಮಾತ್ರೆಗಳು ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಶೂನ್ಯ ದಾಸ್ತಾನಿನಲ್ಲಿದ್ದವು, ಬಿಡುಗಡೆಯಾದ ಅನುದಾನವೆಷ್ಟು, ವೆಚ್ಚವಾದದ್ದೆಷ್ಟು. ಇವಕ್ಕೆ ‘ಬಂದಿದೆ’ ಎಂದು ಉತ್ತರಿಸಲಾಗದು, ತಾಲ್ಲೂಕುವಾರು ಅನುಬಂಧವನ್ನೇ ಕೊಡಬೇಕಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಶಾಸಕರು ಎದ್ದು ನಿಂತು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರವಷ್ಟೇ. ಅಂಕಿಅಂಶ ಪಡೆಯಲು ಎರಡನೆಯದೂ ಸಾಕು. ಸಚಿವರು ಸದನದಲ್ಲಿ ‘ಇಷ್ಟು ದಿನದೊಳಗೆ ಹುದ್ದೆ ತುಂಬುತ್ತೇವೆ’ ಎಂದರೆ ಆ ಮಾತನ್ನು ಶಾಸಕಾಂಗದ ಸರ್ಕಾರಿ ಭರವಸೆಗಳ ಸಮಿತಿ ಬೆನ್ನುಹತ್ತಬಹುದು. ಅಧಿವೇಶನ ಮುಗಿದೊಡನೆ ಮಾತು ಕಡತದಲ್ಲಿ ಮಲಗಿಬಿಡದಂತೆ ತಡೆಯುವ ದಾರಿ ಇದು.

ಇನ್ನೊಂದು ಅಸ್ತ್ರವೂ ಇದೆ, ಅದರ ಬಗ್ಗೆ ಮಾತು ಕೇಳಿಬರುವುದು ಕಡಿಮೆ. ಅದೇ ಕಾಯ್ದೆಯ 64ನೇ ಸೆಕ್ಷನ್ನಿನಂತೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರವು ಪ್ರತಿ ವರ್ಷ ತನ್ನ ಕಾರ್ಯಚಟುವಟಿಕೆಗಳ ವರದಿಯನ್ನು ಸಿದ್ಧಪಡಿಸಬೇಕು, ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನಾ ವರದಿಯೊಂದಿಗೆ ಸರ್ಕಾರ ಅದನ್ನು ಶಾಸಕಾಂಗದ ಮುಂದಿಡಬೇಕು. ಲೆಕ್ಕ ತಪಾಸಣೆ ಸಿಎಜಿಯದು (ಭಾರತದ ಮಹಾಲೇಖಪಾಲರು). ‘ಕಾಯ್ದೆ ಜಾರಿಯಾದಂದಿನಿಂದ ಯಾವ ಯಾವ ವರ್ಷದ ವರದಿಯನ್ನು, ಯಾವ ದಿನಾಂಕದಂದು ಮಂಡಿಸಲಾಗಿದೆ?’ ಎಂಬ ಒಂದು ಸಾಲಿನ ಪ್ರಶ್ನೆಯನ್ನು ನಿಮ್ಮ ಶಾಸಕರು ಕೇಳಲಿ. ಜೊತೆಗೆ 31ನೇ ಸೆಕ್ಷನ್ನನ್ನೂ ನೆನಪಿಸಲಿ: ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಾನದಂಡಕ್ಕೆ ಏರಿಸಲು ಅದು ಕೊಟ್ಟಿರುವುದು ಹತ್ತು ವರ್ಷ, ಅಂದರೆ 2028ರವರೆಗೆ. ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯು 2023ರ ಆಗಸ್ಟ್‌ನಲ್ಲಿ ಮಂಡಿಸಿದ 148ನೇ ವರದಿಯ ಪ್ರಕಾರ ದೇಶದಲ್ಲಿ ಲಕ್ಷ ಜನರಿಗೆ ಇರುವ ಮನೋವೈದ್ಯರು 0.75 ಮಾತ್ರ; ಇರಬೇಕಾದದ್ದು 3. ನಿಮ್ಮ ತಾಲ್ಲೂಕಿಗೆ ವೈದ್ಯರು ಬಾರದಿರುವುದಕ್ಕೆ ಈ ಕೊರತೆಯೂ ಒಂದು ಕಾರಣವಿರಬಹುದು. ಆದರೆ ಮಾತ್ರೆ ಇಲ್ಲದಿರುವುದಕ್ಕೆ ಅದು ನೆಪವಾಗದು.

ಪ್ರಶ್ನೆ ಯಾವ ಬಾಗಿಲಿಗೆ ಹೋಗಬೇಕೆಂಬುದೂ ಮುಖ್ಯ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸತ್ತಿನ ಕಾಯ್ದೆಯಿಂದಾದ ಕೇಂದ್ರದ ಸಂಸ್ಥೆಯಾದ್ದರಿಂದ ಅದರ ಬಗ್ಗೆ ಕೇಳಬೇಕಾದವರು ಸಂಸದರು.

ಅಧಿವೇಶನದವರೆಗೆ ಕಾಯಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಯನ್ನು ನಡೆಸುವವರೂ ಅವರೇ. ತುರ್ತಿಗೆ ಸ್ಥಳೀಯವಾಗಿ ಮಾತ್ರೆ ಖರೀದಿಸುವ ವಿಷಯವನ್ನು ಆ ಸಮಿತಿಯ ಮುಂದಿಡುವಂತೆ, ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಕೆಡಿಪಿ ಸಭೆಯಲ್ಲಿ ಅನುಪಾಲನಾ ವರದಿ ಪಡೆಯುವಂತೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ‘ಸದನದಲ್ಲಿ ಪ್ರಸ್ತಾಪಿಸುತ್ತೇನೆ’ ಎಂದ ಶಾಸಕರು ಇದನ್ನು ಮುಂದಿನ ಸಭೆಯಲ್ಲೇ ಮಾಡಬಹುದು.

ಒಂದು ಎಚ್ಚರಿಕೆ. ಮನವಿಯಲ್ಲಿ ತಮ್ಮನ ಹೆಸರು, ಕಾಯಿಲೆ, ಚೀಟಿಯ ಪ್ರತಿ ಯಾವುದನ್ನೂ ಲಗತ್ತಿಸಬೇಡಿ. ಅವರ ಮಾಹಿತಿಯ ಗೌಪ್ಯತೆಯನ್ನು ಕಾಯ್ದೆಯೇ ರಕ್ಷಿಸುತ್ತದೆ, ಸದನದ ನಡವಳಿಗಳಾದರೋ ಸಾರ್ವಜನಿಕ ದಾಖಲೆ. ಮೇಲಾಗಿ ಒಬ್ಬ ರೋಗಿಯನ್ನು ಆಸ್ಪತ್ರೆಗೆ ದಾಖಲಿಸಿದ್ದು ಸರಿಯೇ, ಚಿಕಿತ್ಸೆಯಲ್ಲಿ ಹಕ್ಕು ಉಲ್ಲಂಘನೆಯಾಗಿದೆಯೇ ಎಂದು ತೀರ್ಮಾನಿಸುವುದು ಶಾಸಕರ ಕೆಲಸವಲ್ಲ. ಅದಕ್ಕೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರಾಗಿರುವ ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿ ಇದೆ. ನಿಮ್ಮ ತಮ್ಮನಾಗಲಿ, ಅವರು ನಿಮ್ಮನ್ನು ತಮ್ಮ ಪ್ರತಿನಿಧಿಯಾಗಿ ನಾಮನಿರ್ದೇಶನ ಮಾಡಿದ್ದರೆ ನೀವಾಗಲಿ ಅಲ್ಲಿಗೆ ಅರ್ಜಿ ಹಾಕಬಹುದು, ಶುಲ್ಕವಿಲ್ಲ.