ಹೋಲ್ಟರ್ ವರದಿ ತಡವಾಗಿರುವ ಕುರಿತು

ನಿಮ್ಮ ತಾಯಿಯವರ 24 ಗಂಟೆಯ ಹೋಲ್ಟರ್ ಪರೀಕ್ಷೆಯ (ಮೈಮೇಲೆ ಧರಿಸಿದ ಪುಟ್ಟ ಯಂತ್ರ ಹೃದಯ ಬಡಿತವನ್ನು ಸತತವಾಗಿ ದಾಖಲಿಸುವ ಪರೀಕ್ಷೆ) ವರದಿ ಹತ್ತು ದಿನವಾದರೂ ಕೈಸೇರದಿರುವುದಕ್ಕೆ ಬಹುಮಟ್ಟಿಗೆ ಕಾರಣ, ಅದು ಹೃದ್ರೋಗ ತಜ್ಞರ ಸಹಿಗಾಗಿ ಕಾಯುತ್ತಿರುವುದೇ ಇರಬೇಕು. ಒಂದು ದಿನದ ದಾಖಲೆಯಲ್ಲಿ ಸುಮಾರು ಒಂದು ಲಕ್ಷ ಬಡಿತಗಳಿರುತ್ತವೆ. ಯಂತ್ರ ಅವನ್ನು ವಿಂಗಡಿಸಿದರೂ, ನಮ್ಮ ಕರಾವಳಿಯ ಸೆಕೆಗೆ ಬೆವರಿ ಎದೆಯ ಸ್ಟಿಕ್ಕರ್ ಸಡಿಲವಾದಾಗ ಮೂಡುವ ಗೆರೆಯನ್ನು ನಿಜವಾದ ಲಯದೋಷದಿಂದ ಬೇರ್ಪಡಿಸಲು ಮನುಷ್ಯರ ಕಣ್ಣೇ ಬೇಕು.

ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಿ ಪ್ರಯೋಜನವಿಲ್ಲ. ಕುಂದಾಪುರದಿಂದ ಮಂಗಳೂರಿಗೆ ಬಸ್ಸು ಹತ್ತುವ ಮೊದಲು, ಆಸ್ಪತ್ರೆಯ ಕಾರ್ಡಿನ ಮೇಲಿನ ನೋಂದಣಿ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಇಸಿಜಿ ವಿಭಾಗಕ್ಕೇ ಫೋನ್ ಮಾಡಿ, ದಾಖಲೆ ಕಂಪ್ಯೂಟರಿಗೆ ಸರಿಯಾಗಿ ಇಳಿದಿದೆಯೇ, ಸಹಿ ಮಾತ್ರ ಬಾಕಿಯೇ ಎಂದು ಬಿಡಿಸಿ ಕೇಳಿರಿ. ಇಳಿದಿಲ್ಲವೆಂದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಬಹುದು. ಸಹಿ ಬಾಕಿಯಿದ್ದರೆ, ತಾತ್ಕಾಲಿಕ ವರದಿಯನ್ನು ನೇರವಾಗಿ ವೈದ್ಯರಿಗೆ ತಲುಪಿಸಲು ಕೋರಿರಿ. ಒಪ್ಪುವುದು ಬಿಡುವುದು ಆಯಾ ಆಸ್ಪತ್ರೆಯ ಕ್ರಮಕ್ಕೆ ಸೇರಿದ್ದು.

ಅಲ್ಲಿಯವರೆಗೆ ಎದೆ ಹೊಡೆದುಕೊಂಡಾಗಲೆಲ್ಲ ಗಂಟೆ ಎಷ್ಟಾಗಿತ್ತು, ಎಷ್ಟು ಹೊತ್ತು ಇತ್ತು, ಆಗ ಅವರು ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಡಿ (ಕ್ಯಾಲೆಂಡರಿನ ಅಂಚಾದರೂ ಸಾಕು); ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಗಂಭೀರವಾದದ್ದು ಕಂಡಿದ್ದರೆ ಆಸ್ಪತ್ರೆಯವರೇ ಕರೆ ಮಾಡುತ್ತಿದ್ದರು ಎಂಬ ಸಮಾಧಾನವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಂಡರೆ, ವರದಿಗಾಗಿ ಕಾಯದೆ 108ಕ್ಕೆ ಕರೆ ಮಾಡಿರಿ.