ಕಪ್ಪಿನ ತಳ ಏಕೆ ಬಿರಿಯುತ್ತದೆ?

ಪ್ರಶ್ನೆ: ಆರು ತಿಂಗಳಿಂದ ಹವ್ಯಾಸಕ್ಕೆ ತಿಗರಿಯ ಮೇಲೆ ಕಪ್ ಮಾಡುತ್ತಿದ್ದೇನೆ. ಒಣಗುವಾಗ ತಳದಲ್ಲಿ ‘ಎಸ್’ ಆಕಾರದ ಬಿರುಕು ಬರುತ್ತದೆ. ಕೆಲವು ಹಿಡಿಗಳೂ ಬಿಟ್ಟುಕೊಳ್ಳುತ್ತವೆ. ಮಣ್ಣು ಸರಿ ಇಲ್ಲವೇ?

ಉತ್ತರ: ಮಣ್ಣನ್ನು ಬೈಯಬೇಡಿ. ಮೊದಲ ವರ್ಷ ನನ್ನ ಕಪ್‌ಗಳಲ್ಲೂ ಇದೇ ಬಿರುಕು ಕಂಡು ತುಂಬಾ ಬೇಜಾರಾಗುತ್ತಿತ್ತು. ಗೋಡೆ ಎತ್ತುವಾಗ ಅಲ್ಲಿನ ಮಣ್ಣನ್ನು ಚೆನ್ನಾಗಿ ಒತ್ತುತ್ತೇವೆ. ತಳವನ್ನು ಮರೆಯುತ್ತೇವೆ, ಅಲ್ವಾ? ಜೊತೆಗೆ ಅಲ್ಲಿ ನೀರೂ ನಿಲ್ಲುತ್ತದೆ. ಗೋಡೆ ಮೊದಲು ಒಣಗಿ ಕುಗ್ಗುತ್ತದೆ. ಒದ್ದೆ ತಳ ಆಮೇಲೆ ಕುಗ್ಗಲು ಹೋಗಿ ಬಿರಿಯುತ್ತದೆ. ಹಾಗಾಗಿ ಮಣ್ಣಿನ ಮುದ್ದೆಯ ನಡುವೆ ಕುಳಿ ಮಾಡಿ ತಳ ತೆರೆದ ಕೂಡಲೇ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ನಾಲ್ಕೈದು ಸಲ ಒತ್ತಿ ಸವರಿ. ನಿಂತ ನೀರನ್ನು ಸ್ಪಾಂಜಿನಲ್ಲಿ ತೆಗೆಯಿರಿ. ಬಾಯಿ ಸ್ವಲ್ಪ ಗಟ್ಟಿಯಾದ ಮೇಲೆ ಕಪ್ಪನ್ನು ಬೋರಲು ಹಾಕಿ.

ಹಿಡಿ ಅಂಟಿಸುವಾಗ ಕಪ್ಪಿನಲ್ಲೂ ಹಿಡಿಯಲ್ಲೂ ಒಂದೇ ತೇವ ಇರಬೇಕು. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣಿನ ಸ್ಲಿಪ್ (ನೀರಲ್ಲಿ ಕಲಸಿದ ತೆಳು ಮಣ್ಣು) ಹಚ್ಚಿ ಒತ್ತಿ.

ಆಮೇಲೆ ಪ್ಲಾಸ್ಟಿಕ್ ಮುಚ್ಚಿ ನಿಧಾನಕ್ಕೆ ಒಣಗಿಸಿ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ಎತ್ತಿ ನೋಡುವ ಗಳಿಗೆ ನನಗೆ ಬಹಳ ಇಷ್ಟ. ಕಪ್ಪನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಎಂದರ್ಥ. ಹಾಗೇ ಸುಡಲು ಇಟ್ಟು ಬೇಗ ಕಾಯಿಸಿದರೆ, ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಆವಿ ಕಪ್ಪನ್ನೇ ಸಿಡಿಸಬಹುದು.

ಬಿರಿದ, ಇನ್ನೂ ಸುಡದ ಕಪ್‌ಗಳನ್ನು ಸುಮ್ನೆ ಎಸೆಯಬೇಡಿ. ಪೂರ್ತಿ ಒಣಗಿಸಿ ಬಕೆಟ್ ನೀರಿಗೆ ಹಾಕಿ. ಕರಗಿ ಮತ್ತೆ ಮಣ್ಣಾಗುತ್ತವೆ.