ಡೆನ್ಮಾರ್ಕ್‌ನ ಸಿಲ್ಕೆಬೋರ್ ಮ್ಯೂಸಿಯಂನಲ್ಲಿರುವ ಟೊಲುಂಡ್ ಮನುಷ್ಯನನ್ನು, ಅಂದರೆ ಜೌಗು ನೆಲದಲ್ಲಿ ಕೆಡದೆ ಉಳಿದ ಪ್ರಾಚೀನ ದೇಹವನ್ನು, ನೋಡಲು ಅಷ್ಟು ದೂರ ಹೋಗಬಹುದಾ?

ಖಂಡಿತ ಹೋಗಿ. ಮ್ಯೂಸಿಯಂ ಚಿಕ್ಕದು, ಆದರೆ ಆ ಮುಖದ ಮುಂದೆ ನಿಂತವರು ಬೇಗ ಕದಲುವುದಿಲ್ಲ. ಹಣೆಯ ಗೆರೆ, ಮುಚ್ಚಿದ ರೆಪ್ಪೆ, ಗಲ್ಲದ ಮೇಲಿನ ಕುರುಚಲು ಗಡ್ಡ ಎಲ್ಲವೂ ಹಾಗೇ ಇವೆ. ತಲೆಗೆ ಚರ್ಮದ ಟೋಪಿ, ಕುತ್ತಿಗೆಗೆ ಹೆಣೆದ ಚರ್ಮದ ಹಗ್ಗ. ಅವನನ್ನು ನೇಣು ಹಾಕಿದ್ದರು, ಬಹುಶಃ ದೇವರಿಗೆ ಬಲಿಯಾಗಿ.

1950ರ ಮೇ ತಿಂಗಳಲ್ಲಿ ಉರುವಲಿಗೆಂದು ಜೌಗಿನ ಪೀಟ್ (ಅರೆ ಕೊಳೆತ ಗಿಡಗಳಿಂದಾದ ಮಣ್ಣು) ಕಡಿಯುತ್ತಿದ್ದವರಿಗೆ ಈ ದೇಹ ಸಿಕ್ಕಿತು. ಇತ್ತೀಚಿನ ಕೊಲೆಯೇ ಇರಬೇಕೆಂದು ಅವರು ಪೊಲೀಸರಿಗೆ ತಿಳಿಸಿದರು. ನಿಜಕ್ಕೂ ಅವನು ಸತ್ತು ಸುಮಾರು 2,400 ವರ್ಷ ಆಗಿತ್ತು!

ಇಷ್ಟು ಕಾಲ ಉಳಿದದ್ದು ಹೇಗೆ? ಜೌಗಿನ ನೀರು ತಣ್ಣಗಿತ್ತು, ಹುಳಿಯಾಗಿತ್ತು, ಅದರಲ್ಲಿ ಆಮ್ಲಜನಕ ಇರಲಿಲ್ಲ. ಹಾಗಾಗಿ ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಜೌಗಿನಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಪಾಚಿಯಿಂದ ಚರ್ಮ ಹದ ಮಾಡಿದ ತೊಗಲಿನಂತೆ ಕಪ್ಪಾಯಿತು. ಹೊಟ್ಟೆಯಲ್ಲಿದ್ದ ಕೊನೆಯ ಊಟವೂ ಗೊತ್ತಾಗಿದೆ: ಬಾರ್ಲಿ, ಅಗಸೆ ಬೀಜ, ಕಳೆ ಗಿಡಗಳ ಬೀಜ ಹಾಕಿದ ಗಂಜಿ, ಜೊತೆಗೆ ಮೀನು.

ಒಂದು ವಿಷಯ ಮೊದಲೇ ತಿಳಿದಿರಲಿ. ತಲೆ ಮಾತ್ರ ಅಸಲಿ, ಉಳಿದ ಮೈ ಆಮೇಲೆ ಮಾಡಿದ ಪ್ರತಿಕೃತಿ. ದೇಹ ಸಿಕ್ಕಿದ ಕಾಲದಲ್ಲಿ ಇಡೀ ದೇಹವನ್ನು ಕಾಪಾಡುವ ವಿಧಾನ ಗೊತ್ತಿರಲಿಲ್ಲ.

ಅಲ್ಲೇ ಇರುವ ಇನ್ನೊಂದು ಜೌಗು ದೇಹ, ಎಲಿಂಗ್ ಮಹಿಳೆಯನ್ನು ಸುಮ್ನೆ ದಾಟಿ ಹೋಗಬೇಡಿ. ಹಿಂದಿನಿಂದ ನೋಡಿ, ಅವಳ ಉದ್ದ ಜಡೆ ಎಷ್ಟು ಅಚ್ಚುಕಟ್ಟಾಗಿದೆ! ಇಡೀ ದೇಹ ನೋಡಬೇಕಾದರೆ ಆರ್ಹುಸ್ ಬಳಿಯ ಮೋಸ್‌ಗಾರ್ಡ್ ಮ್ಯೂಸಿಯಂಗೆ ಹೋಗಿ, ಜೌಗಿನಲ್ಲೇ ಸಿಕ್ಕ ಗ್ರೌಬಾಲೆ ಮನುಷ್ಯ ಅಲ್ಲಿದ್ದಾನೆ. ಮಕ್ಕಳು ಜೊತೆಗಿದ್ದರೆ ಅವನ ಗಂಟಲು ಸೀಳಿರುವುದನ್ನು ಮೊದಲೇ ಹೇಳಿಡಿ.